ಬೆಳ್ಳುಳ್ಳಿಯಿಂದ ಲ್ಯಾಟಿನ್ ಕಲಿಯಿರಿ: ‘ಸತೀವುಸ್’ ಪದ ಬಿಡಿಸುವುದು ಹೀಗೆ

ಅಡುಗೆಮನೆಯಲ್ಲಿ ಅಕ್ಕಿ, ಬೆಳ್ಳುಳ್ಳಿ, ಸೌತೆಕಾಯಿ, ಕೊತ್ತಂಬರಿ ಇವೆ ಅಲ್ವಾ? ನಾಲ್ಕರ ಸಸ್ಯಶಾಸ್ತ್ರದ ಹೆಸರಿನಲ್ಲೂ ಒಂದೇ ಲ್ಯಾಟಿನ್ ವಿಶೇಷಣವಿದೆ. ಕಾಲೇಜಿನಲ್ಲಿ ಅಕ್ಕಿಗೆ ‘ಒರೈಜಾ ಸಟೈವಾ’ ಎಂದು ಬಾಯಿಪಾಠ ಮಾಡಿದ್ದರೆ, ಅದರಲ್ಲಿನ ‘ಸಟೈವಾ’ನೇ ಇದು. ಹಳೆಯ ರೋಮನ್ನರ ಬಾಯಲ್ಲಿ ಅದು ‘ಸತೀವ’. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ನಾಲ್ಕಕ್ಕೂ ಹೀಗೆ ಹೆಸರಿಟ್ಟ.

ಮೊದಲು ಬೇರು ಹಿಡಿಯಿರಿ. ‘ಸೆರೋ’ ಎಂದರೆ ಬಿತ್ತುತ್ತೇನೆ. ‘ಸತುಸ್’ ಎಂದರೆ ಬಿತ್ತಿದ. ಅದಕ್ಕೆ ‘-ಈವುಸ್’ ಸೇರಿ ‘ಸತೀವುಸ್’ ಆಯಿತು: ಬಿತ್ತಿ ಬೆಳೆಯುವಂಥದ್ದು, ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಬಿತ್ತನೆಗೆ ‘ಸತಿಯೋ’ ಎನ್ನುತ್ತಿದ್ದರು. ಅದು ಫ್ರೆಂಚ್, ಇಂಗ್ಲಿಷ್ ಸುತ್ತಿ ನಮ್ಮ ‘ಮಾವಿನ ಸೀಸನ್’ವರೆಗೂ ಬಂದಿದೆ. ಸಸಿಮಡಿಗೆ ರೋಮನ್ನರು ಇಟ್ಟ ಹೆಸರು ‘ಸೆಮಿನಾರಿಯುಮ್’. ನಮ್ಮ ಸೆಮಿನಾರ್ ಹುಟ್ಟಿದ್ದು ಅಲ್ಲಿಂದ. ನನಗಂತೂ ಈ ನಂಟು ಬಹಳ ಇಷ್ಟ.

ಈಗ ಪದದ ಬಾಲ, ಅಂದರೆ ಕೊನೆಯ ಭಾಗ ನೋಡಿ. ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ ಎನ್ನುತ್ತೇವೆ, ‘ಒಳ್ಳೆಯ’ ಅಲುಗುವುದಿಲ್ಲ. ಲ್ಯಾಟಿನ್ನಿನಲ್ಲಿ ನಾಮಪದದ ಲಿಂಗಕ್ಕೆ ತಕ್ಕಂತೆ ವಿಶೇಷಣವೂ ಬದಲಾಗುತ್ತದೆ. ಸೌತೆ ಪುಲ್ಲಿಂಗ, ‘ಕುಕುಮಿಸ್ ಸತೀವುಸ್’. ಅಕ್ಕಿ ಸ್ತ್ರೀಲಿಂಗ, ‘ಒರೀಜ಼ ಸತೀವ’. ಬೆಳ್ಳುಳ್ಳಿ, ಕೊತ್ತಂಬರಿ ಎರಡೂ ನಪುಂಸಕ, ಹಾಗಾಗಿ ‘ಸತೀವುಮ್’.

ವಿಭಕ್ತಿಯಲ್ಲೂ ಹೀಗೇ. ನಾವು ‘ಒಳ್ಳೆಯ ಅಕ್ಕಿಯ’ ಎಂದು ನಾಮಪದಕ್ಕೆ ಮಾತ್ರ ಪ್ರತ್ಯಯ ಹಚ್ಚುತ್ತೇವೆ. ಅವರು ಎರಡಕ್ಕೂ ಹಚ್ಚುತ್ತಾರೆ: ‘ಒರೀಜ಼ೈ ಸತೀವೈ’. ಪುಲ್ಲಿಂಗ, ನಪುಂಸಕಗಳ ಷಷ್ಠಿ ‘ಸತೀವೀ’. ಸ್ತ್ರೀಲಿಂಗದ ಪ್ರಥಮಾ ‘ಸತೀವ’, ಪಂಚಮಿ ‘ಸತೀವಾ’. ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಎರಡನ್ನೂ ಒಂದೇ ಥರ ಬರೆಯುತ್ತಾರೆ. ನಮ್ಮ ಲಿಪಿಯಲ್ಲಿ ಒಂದು ದೀರ್ಘದಿಂದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ!

ಹೊಸಬರು ಜಾಸ್ತಿ ಎಡವುವುದು ಪ್ರಾಸ ಹುಡುಕಿ. ‘ಕುಕುಮಿಸ್’ ಮತ್ತು ‘ಸತೀವುಸ್’ ಬಾಲ ಹೊಂದುವುದಿಲ್ಲ, ಆದರೂ ಜೋಡಿ ಸರಿ. ಹೊಂದಬೇಕಾದ್ದು ಲಿಂಗ. ಹುಣಸೆಯನ್ನೇ ನೋಡಿ: ‘ತಮರಿಂದುಸ್ ಇಂದಿಕ’. ‘-ಉಸ್’ ಕಂಡು ‘ಇಂದಿಕುಸ್’ ಎನ್ನಬೇಡಿ. ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ. ಅರಳಿಮರ ‘ಫಿಕುಸ್ ರೆಲಿಗಿಯೋಸ’ ಆಗಿದ್ದೂ ಇದೇ ಕಾರಣಕ್ಕೆ.