1.3 ಮಲ್ಟಿಜೆಟ್ ಡೀಸೆಲ್ ಎಂಜಿನ್: ತಾಂತ್ರಿಕ ವಿವರ, ಸಾಮಾನ್ಯ ತೊಂದರೆಗಳು ಮತ್ತು ಪರೀಕ್ಷಿಸುವ ಕ್ರಮ

ಫಿಯೆಟ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳ ಜಂಟಿ ಸಂಸ್ಥೆ ರೂಪಿಸಿದ 1.3 ಮಲ್ಟಿಜೆಟ್ ಎಂಜಿನ್ 2003ರಲ್ಲಿ ಮಾರುಕಟ್ಟೆಗೆ ಬಂದಿತು. ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ನಗರದಲ್ಲೂ ಭಾರತದಲ್ಲೂ ತಯಾರಾಗುತ್ತಿದ್ದ ಇದು ಫಿಯೆಟ್ ಕಾರುಗಳಲ್ಲಿ ಮಲ್ಟಿಜೆಟ್, ಓಪೆಲ್ ಕಾರುಗಳಲ್ಲಿ ಸಿಡಿಟಿಐ, ಸುಜುಕಿ ಕಾರುಗಳಲ್ಲಿ ಡಿಡಿಐಎಸ್, ಟಾಟಾ ಕಾರುಗಳಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರುಗಳನ್ನು ಹೊತ್ತು ಓಡಿತು. ಭಾರತದಲ್ಲಿ ಮಾರುತಿ ಸ್ವಿಫ್ಟ್‌ನಿಂದ ಹಿಡಿದು ಇಂಡಿಕಾ ವಿಸ್ಟಾ, ಪುಂಟೊ, ಎರ್ಟಿಗಾ, ಸಿಯಾಜ್‌ವರೆಗೆ ಇದೇ ಎಂಜಿನ್ ಕೂತಿದ್ದರಿಂದ ವಾಹನ ಪತ್ರಕರ್ತರು ಅರ್ಧ ತಮಾಷೆಯಾಗಿ ಇದನ್ನು ‘ರಾಷ್ಟ್ರೀಯ ಎಂಜಿನ್’ ಎಂದು ಕರೆದರು. 2020ರಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದಾಗ ಇದನ್ನು ಆ ಮಟ್ಟಕ್ಕೆ ಏರಿಸದೆ ಕೈಬಿಡಲಾಯಿತು. ಹೀಗಾಗಿ ಭಾರತದಲ್ಲಿ ಈಗ ಸಿಗುವ ಈ ಎಂಜಿನ್ನುಗಳೆಲ್ಲ ಬಳಸಿದವೇ; ಅವುಗಳ ಮುಂದಿನ ಆಯಸ್ಸು ಹಿಂದಿನ ಮಾಲೀಕರು ಎಂಜಿನ್ ಆಯಿಲನ್ನು ಹೇಗೆ ನೋಡಿಕೊಂಡರು ಎಂಬುದರ ಮೇಲೆ ನಿಂತಿದೆ.

ತಾಂತ್ರಿಕ ವಿವರ

ಸಾಮರ್ಥ್ಯ 1,248 ಸಿಸಿ. ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಎರಡು ಕ್ಯಾಮ್‌ಶಾಫ್ಟ್, ಬೋರ್ 69.6 ಮಿ.ಮೀ., ಸ್ಟ್ರೋಕ್ 82 ಮಿ.ಮೀ. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು, ಒಟ್ಟು ತೂಕ ಸುಮಾರು 130 ಕಿಲೋ. ವಾಲ್ವ್‌ಗಳನ್ನು ತೆರೆಯುವ ಈ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವುದು ಬೆಲ್ಟ್ ಅಲ್ಲ, ಒಂಟಿ ಸಾಲಿನ ಚೈನ್. ಇಂಧನ ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಒದಗಿಸುವ ಒಂದೇ ಕೊಳವೆಯ ಮೂಲಕ 1,000 ಬಾರ್‌ಗಿಂತ ಎಷ್ಟೋ ಹೆಚ್ಚಿನ ಒತ್ತಡದಲ್ಲಿ ಬರುತ್ತದೆ, ಮತ್ತು ಪ್ರತಿ ದಹನಕ್ಕೆ ಒಂದೇ ಬಾರಿ ಸುರಿಯದೆ ಹಲವು ಸಣ್ಣ ಕಂತುಗಳಲ್ಲಿ ಸಿಂಪಡಣೆಯಾಗುತ್ತದೆ. ಮಲ್ಟಿಜೆಟ್ ಎಂಬ ಹೆಸರು ಬಂದದ್ದು ಅದರಿಂದಲೇ.

ಶಕ್ತಿಯ ಲೆಕ್ಕದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. 75 ಪಿಎಸ್ ಮತ್ತು 190 ನ್ಯೂಟನ್ ಮೀಟರ್ ಟಾರ್ಕ್ ಕೊಡುವ ಸ್ವಿಫ್ಟ್‌ನಂಥ ಆವೃತ್ತಿಯಲ್ಲಿ ಸಾದಾ ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇದೆ. 90 ಪಿಎಸ್ ಮತ್ತು 200 ನ್ಯೂಟನ್ ಮೀಟರ್‌ನ ಆವೃತ್ತಿಯಲ್ಲಿ ರೆಕ್ಕೆಗಳ ಕೋನ ಬದಲಾಗುವ ಟರ್ಬೊ, ಅಂದರೆ ವಿಜಿಟಿ ಇದೆ. ಎರಡರಲ್ಲೂ 2,000 ಆರ್‌ಪಿಎಂ ತಲುಪುವವರೆಗೆ ಎಂಜಿನ್ ಸ್ವಲ್ಪ ಮಂಕಾಗಿರುತ್ತದೆ. ಇದನ್ನು ದೋಷವೆಂದು ತಿಳಿದು ಟರ್ಬೊ ಬದಲಿಸಲು ಹೊರಡುವವರಿದ್ದಾರೆ. ಅದು ಈ ಎಂಜಿನ್ನಿನ ಜಾಯಮಾನ. ಐದನೇ ಗೇರಿನಲ್ಲಿ 1,200 ಆರ್‌ಪಿಎಂಗೆ ಇಳಿಸಿ ಆಕ್ಸಿಲರೇಟರ್ ಒತ್ತಿ ಹಿಡಿಯುವುದಕ್ಕಿಂತ ಒಂದು ಗೇರ್ ಇಳಿಸುವುದು ಎಂಜಿನ್ನಿಗೂ ಕ್ಲಚ್ಚಿಗೂ ಕ್ಷೇಮ.

ಮೊದಲು ಡಿಪ್‌ಸ್ಟಿಕ್

ಈ ಎಂಜಿನ್ನಿನ ಸಂಪ್‌ನಲ್ಲಿ, ಅಂದರೆ ತಳದ ಆಯಿಲ್ ತೊಟ್ಟಿಯಲ್ಲಿ, ಹಿಡಿಯುವುದು ಸುಮಾರು 3 ಲೀಟರ್ ಆಯಿಲ್ ಮಾತ್ರ. ಆ ಮೂರು ಲೀಟರ್ ಬೇರಿಂಗ್‌ಗಳಿಗೆ ಹೋಗಬೇಕು, ಟರ್ಬೊದ ಶಾಫ್ಟನ್ನು ತಂಪಾಗಿಡಬೇಕು, ಪಿಸ್ಟನ್‌ಗಳ ತಳಕ್ಕೆ ಚಿಮ್ಮಬೇಕು, ಜೊತೆಗೆ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಹೈಡ್ರಾಲಿಕ್ ಟೆನ್ಷನರ್‌ಗೆ ಒತ್ತಡವನ್ನೂ ಕೊಡಬೇಕು. ಇದರಲ್ಲಿ ಒಂದು ಲೀಟರ್ ಕಡಿಮೆಯಾದರೆ ಮೂರನೇ ಒಂದು ಭಾಗವೇ ಹೋದಂತೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಎಚ್ಚರಿಸುತ್ತದೆ ಎಂದು ಕಾಯುವಂತಿಲ್ಲ. ಸಾಮಾನ್ಯವಾಗಿ ಅದು ಹೇಳುವುದು ಆಯಿಲ್‌ನ ಒತ್ತಡವನ್ನು, ಮಟ್ಟವನ್ನಲ್ಲ, ಮತ್ತು ಅದು ಹೊತ್ತಿಕೊಳ್ಳುವ ಹೊತ್ತಿಗೆ ಹಾನಿ ಶುರುವಾಗಿರುತ್ತದೆ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷವಾದರೂ ಬಿಟ್ಟು ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆಯಿರಿ. ಒರೆಸಿ ಮತ್ತೊಮ್ಮೆ ಇಳಿಸಿ ನೋಡಿ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಕಪ್ಪಗಿರುವುದು ಸಹಜ, ಬದಲಿಸಿದ ಮರುದಿನವೇ ಕಪ್ಪಾಗುತ್ತದೆ. ನೋಡಬೇಕಾದದ್ದು ಬಣ್ಣವನ್ನಲ್ಲ. ಬೆರಳ ತುದಿಯಲ್ಲಿ ಉಜ್ಜಿದಾಗ ಜಿಗುಟು ಇರಬೇಕು; ನೀರಿನಂತೆ ಜಾರಿ ಡೀಸೆಲ್ ವಾಸನೆ ಹೊಡೆದರೆ, ಅದರ ಮೇಲೆ ಮಟ್ಟವೂ ಮ್ಯಾಕ್ಸ್ ಗುರುತು ದಾಟಿದ್ದರೆ, ಆಯಿಲ್‌ಗೆ ಡೀಸೆಲ್ ಸೇರುತ್ತಿದೆ ಎಂದರ್ಥ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಆವೃತ್ತಿಗಳಲ್ಲಿ ಇದು ಹೆಚ್ಚು. ಫಿಲ್ಟರಿನಲ್ಲಿ ತುಂಬಿದ ಮಸಿಯನ್ನು ಸುಡಲು ಎಂಜಿನ್ನಿನ ನಿಯಂತ್ರಕ ಕಂಪ್ಯೂಟರ್ ಆದ ಇಸಿಯು ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಕಾರು ಬರೀ ಐದಾರು ಕಿಲೋಮೀಟರಿನ ಓಡಾಟದಲ್ಲೇ ಇದ್ದರೆ ಆ ಸುಡುವಿಕೆ ಅರ್ಧಕ್ಕೆ ನಿಂತು, ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಸಂಪ್‌ಗೆ ಇಳಿಯುತ್ತದೆ. ಏರಿದ ಮಟ್ಟವನ್ನು ನೋಡಿ ಆಯಿಲ್ ಕಡಿಮೆಯಾಗಿಲ್ಲವೆಂದು ಸಮಾಧಾನಪಡುವುದು ಇಲ್ಲಿ ತಪ್ಪು ಲೆಕ್ಕ. ಅಂಥ ಆಯಿಲನ್ನು ತಕ್ಷಣ ಬದಲಿಸಬೇಕು.

ಯೂರೋಪಿನ ಕೆಲವು ಆವೃತ್ತಿಗಳಿಗೆ ತಯಾರಕರು 30,000 ಕಿ.ಮೀ.ವರೆಗಿನ ಆಯಿಲ್ ಅವಧಿ ನಿಗದಿಪಡಿಸಿದ್ದರು. ಮೂರು ಲೀಟರ್ ಆಯಿಲ್‌ಗೆ ಅದು ವಿಪರೀತ ಹೊರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಪಿಡಿ ಏನೇ ಹೇಳಲಿ, 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸುವುದು ಒಳ್ಳೆಯದು. ಡಿಪಿಎಫ್ ಇದ್ದರೆ ಕಡಿಮೆ ಬೂದಿ ಉಳಿಸುವ ಬಗೆಯ ಆಯಿಲ್ ಕಡ್ಡಾಯ. ಕೈಪಿಡಿಯಲ್ಲಿರುವ ದರ್ಜೆ, ಸಾಮಾನ್ಯವಾಗಿ 5ಡಬ್ಲ್ಯು-30 ಅಥವಾ 5ಡಬ್ಲ್ಯು-40, ಇದನ್ನೇ ಹಾಕಬೇಕು. ಇಲ್ಲಿನ ಆಯಿಲ್ ಫಿಲ್ಟರ್ ಪ್ಲಾಸ್ಟಿಕ್ ಮುಚ್ಚಳದೊಳಗೆ ಕೂರುವ ಕಾಗದದ ಕಾರ್ಟ್ರಿಜ್. ಅದನ್ನು ಬದಲಿಸುವಾಗ ಮುಚ್ಚಳದ ರಬ್ಬರ್ ಓ-ರಿಂಗನ್ನೂ ಹೊಸದಾಗಿ ಹಾಕಿ, ಸ್ವಲ್ಪ ಆಯಿಲ್ ಸವರಿ, ಹೇಳಿದಷ್ಟೇ ಬಿಗಿ ಮಾಡಬೇಕು. ಹಳೆಯ ರಿಂಗನ್ನೇ ಉಳಿಸಿದಲ್ಲಿ ಸೋರಿಕೆ ನಿಶ್ಚಿತ. ಮೊದಲಿಗೆ ಪೂರ್ತಿ ಸುರಿಯದೆ ಕಾಲು ಲೀಟರ್‌ನಷ್ಟು ಕಡಿಮೆ ಹಾಕಿ, ಎಂಜಿನ್ ಚಾಲೂ ಮಾಡಿ ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟದೆ ಬಿಟ್ಟು, ನಿಲ್ಲಿಸಿ, ಮಟ್ಟ ನೋಡಿ ಉಳಿದದ್ದನ್ನು ಸೇರಿಸಿ.

ಟೈಮಿಂಗ್ ಚೈನ್

ಚೈನ್ ಇದ್ದರೆ ಆಜೀವ ಬಾಳಿಕೆ ಎಂಬ ಮಾತನ್ನು ಈ ಎಂಜಿನ್ನಿನ ವಿಷಯದಲ್ಲಿ ನಂಬಬಾರದು. ಹಳಸಿದ ಅಥವಾ ಕಡಿಮೆಯಾದ ಆಯಿಲ್‌ನಲ್ಲಿ ಓಡಿದ ಚೈನಿನ ಪಿನ್ನುಗಳು ಸವೆದು ಚೈನ್ ಉದ್ದವಾಗುತ್ತದೆ, ಟೆನ್ಷನರ್ ತನ್ನ ಚಾಚುವಿಕೆಯ ಕೊನೆ ಮುಟ್ಟುತ್ತದೆ, ಒಂದು ದಿನ ಚೈನ್ ಹಲ್ಲು ಹಾರುತ್ತದೆ. ಆಗ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿಯುತ್ತವೆ; ರಾಕರ್‌ಗಳು ಮುರಿಯುತ್ತವೆ, ವಾಲ್ವ್‌ಗಳು ಬಾಗುತ್ತವೆ, ಹೆಡ್ ಬಿಚ್ಚದೆ ಬೇರೆ ದಾರಿ ಇರುವುದಿಲ್ಲ.

ಪರೀಕ್ಷಿಸಲು ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನೇ ಬೇಕು. ಕಾರು ಕೊಳ್ಳಲು ಹೋದಾಗ ಮಾಲೀಕರು ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ಬೆಳಿಗ್ಗೆ ಬರುತ್ತೇನೆಂದು ಹೇಳಿ ಹೊರಡುವುದೇ ಸರಿ. ಬಾನೆಟ್ ತೆರೆದು, ಆಲ್ಟರ್ನೇಟರ್ ಬೆಲ್ಟ್ ಇರುವ ಬದಿಯಲ್ಲಿ ನಿಂತು, ಇನ್ನೊಬ್ಬರಿಗೆ ಚಾಲೂ ಮಾಡಲು ಹೇಳಿ. ಡೀಸೆಲ್ಲಿನ ಸಹಜ ಟಕಟಕ ಸದ್ದಿನ ಮೇಲೆ, ಸಡಿಲ ಸರಪಳಿಯನ್ನು ಡಬ್ಬಿಯಲ್ಲಿ ಅಲ್ಲಾಡಿಸಿದಂಥ ಗಲಗಲ ಸದ್ದು ಬರುತ್ತದೆಯೇ ಕೇಳಿ. ಒಂದು ಕ್ಷಣ ಬಂದು ನಿಂತರೆ ಆಯಿಲ್ ಒತ್ತಡ ಏರುವವರೆಗಿನ ಸದ್ದು, ಗಮನದಲ್ಲಿಡಿ ಸಾಕು. ಹಲವು ಸೆಕೆಂಡು ಉಳಿದರೆ, ಅಥವಾ ಬಿಸಿಯಾದ ಮೇಲೂ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಕೇಳಿಸಿದರೆ, ಚೈನ್ ಬದಲಿಸುವವರೆಗೆ ಓಡಿಸಬಾರದು. ಕಾರಿಗೆ ಸಿಕ್ಕಿಸಿ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0016, ಅಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದಾಣಿಕೆಯ ಕೋಡ್ ಇದ್ದರೆ ಸೆನ್ಸರ್ ಮತ್ತು ವೈರಿಂಗ್ ನೋಡಿ, ಅವು ಸರಿಯಿದ್ದರೆ ಚೈನನ್ನೇ ಶಂಕಿಸಬೇಕು.

ಬದಲಿಸುವಾಗ ಚೈನ್ ಒಂದನ್ನೇ ಹಾಕಿ ಮುಗಿಸಬೇಡಿ. ಗೈಡ್‌ಗಳು, ಟೆನ್ಷನರ್, ಸ್ಪ್ರಾಕೆಟ್‌ಗಳು ಸೇರಿದ ಪೂರ್ತಿ ಕಿಟ್ ಬೇಕು. ಕ್ಯಾಮ್ ಮತ್ತು ಕ್ರ್ಯಾಂಕನ್ನು ಲಾಕ್ ಮಾಡುವ ಪಿನ್ನುಗಳಿಲ್ಲದೆ, ಬಣ್ಣದ ಗುರುತು ಹಾಕಿಕೊಂಡು ಮಾಡುತ್ತೇನೆ ಎನ್ನುವ ಮೆಕ್ಯಾನಿಕ್ ಕೈಗೆ ಈ ಕೆಲಸ ಕೊಡಬಾರದು.

ಟರ್ಬೊ ಮತ್ತು ಗಾಳಿಯ ದಾರಿ

ಪಿಕಪ್ ಬಿದ್ದುಹೋಗಿ ಕಪ್ಪು ಹೊಗೆ ಬಂದಾಗ ಮೊದಲು ಟರ್ಬೊವನ್ನಲ್ಲ, ಟರ್ಬೊದಿಂದ ಬರುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಇರುವ ಆವೃತ್ತಿಯಾದರೆ ಅದರ ಹೋಸ್‌ಗಳನ್ನೂ ಕ್ಲಿಪ್‌ಗಳನ್ನೂ ನೋಡಬೇಕು. ಸೀಳಿದ ಹೋಸಿನ ಸುತ್ತ ಎಣ್ಣೆಯ ಪಸೆ ಕಾಣುತ್ತದೆ, ಗಟ್ಟಿಯಾಗಿ ಆಕ್ಸಿಲರೇಟರ್ ಒತ್ತಿದಾಗ ಸುಯ್ ಎಂಬ ಸದ್ದು ಕೇಳುತ್ತದೆ. ಆಮೇಲೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್: ಮಸಿ ಕಟ್ಟಿ ತೆರೆದೇ ಉಳಿದರೆ ಎಳೆತ ಮಂಕಾಗಿ ಹೊಗೆ ಹೆಚ್ಚುತ್ತದೆ, ಮುಚ್ಚಿಕೊಂಡರೆ ಪಿ0401 ಕೋಡ್ ಬೀಳುತ್ತದೆ. ಬಿಚ್ಚಿ ತೊಳೆದರೆ ಹೆಚ್ಚಿನವು ಸರಿಹೋಗುತ್ತವೆ. ಅದೇ ಹೊತ್ತಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಪ್ರೆಶರ್ ಸೆನ್ಸರ್ ತುದಿಯ ಮಸಿಯನ್ನೂ ಒರೆಸಿಬಿಡಿ.

ಇವೆಲ್ಲ ಸರಿಯಿದ್ದರೆ ಟರ್ಬೊ. ತಣ್ಣಗಿರುವಾಗ ಗಾಳಿಯ ಪೈಪ್ ಬಿಚ್ಚಿ ಶಾಫ್ಟಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ: ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಇರಬಹುದು, ಹಿಂದೆಮುಂದೆ ಕೈಗೆ ತಿಳಿಯುವಷ್ಟು ಆಟ ಇರಬಾರದು, ರೆಕ್ಕೆಗಳು ಗೋಡೆಗೆ ತಾಗಿದ ಗೀರಂತೂ ಇರಲೇಬಾರದು. 90 ಪಿಎಸ್ ಆವೃತ್ತಿಯಲ್ಲಿ ಮಸಿಯಿಂದ ವಿಜಿಟಿಯ ರೆಕ್ಕೆಗಳು ಅಂಟಿಕೊಂಡು ಏರುದಾರಿಯಲ್ಲಿ ಎಂಜಿನ್ ಲಿಂಪ್ ಮೋಡಿಗೆ, ಅಂದರೆ ಹಾನಿ ತಪ್ಪಿಸಲು ತಾನೇ ಶಕ್ತಿ ಇಳಿಸಿಕೊಳ್ಳುವ ಸ್ಥಿತಿಗೆ, ಬೀಳುವುದುಂಟು. ಒಮ್ಮೆ ಆರಿಸಿ ಚಾಲೂ ಮಾಡಿದರೆ ಸರಿಹೋಗುವುದೇ ಇದರ ಸುಳಿವು. ಟರ್ಬೊ ಬದಲಿಸುವವರು ಅದಕ್ಕೆ ಆಯಿಲ್ ಒಯ್ಯುವ ಪೈಪನ್ನೂ ಬದಲಿಸಬೇಕು. ಕರಕಲು ಕಟ್ಟಿದ ಹಳೆಯ ಪೈಪ್ ಹೊಸ ಟರ್ಬೊವನ್ನೂ ಒಣಗಿಸಿ ಕೊಲ್ಲುತ್ತದೆ.

ಟರ್ಬೊದ ಸೀಲ್ ಪೂರ್ತಿ ಹೋದಾಗ ಎಂಜಿನ್ ತನ್ನದೇ ಆಯಿಲನ್ನು ಕುಡಿದು ತಾನಾಗಿ ವೇಗ ಏರಿಸಿಕೊಳ್ಳಬಹುದು. ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗೇರಿನ ಕಾರಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಒಮ್ಮೆಲೇ ಬಿಟ್ಟು ಎಂಜಿನ್ ಕಟ್ಟಿಹಾಕಬೇಕು. ಅದು ಆಗದಿದ್ದರೆ ಬಾನೆಟ್ ತೆರೆಯಲು ಹೋಗದೆ ದೂರ ಸರಿಯಬೇಕು.

ಇಂಜೆಕ್ಟರ್ ಮತ್ತು ಉಳಿದ ಸಣ್ಣಪುಟ್ಟವು

ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋರತೊಡಗಿದರೆ ಐಡಲ್‌ನಲ್ಲಿ ಚಫ್ ಚಫ್ ಎಂಬ ಸದ್ದು, ಕ್ಯಾಬಿನ್ನಿನಲ್ಲಿ ಹೊಗೆಯ ವಾಸನೆ, ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಗಟ್ಟಿ ಕಾಣುತ್ತವೆ. ತಡಮಾಡಿದಷ್ಟೂ ಇಂಜೆಕ್ಟರ್ ಅಲ್ಲೇ ಕಚ್ಚಿಕೊಳ್ಳುತ್ತದೆ. ವಾಷರ್ ಒಮ್ಮೆ ಮಾತ್ರ ಬಳಸುವಂಥದ್ದು. ಹೊಸದನ್ನು ಹಾಕುವ ಮುನ್ನ ಸೀಟನ್ನು ಪೂರ್ತಿ ಶುಚಿ ಮಾಡಬೇಕು. ಬಿಸಿಯಾದ ಎಂಜಿನ್ ಚಾಲೂ ಆಗಲು ಸತಾಯಿಸಿದರೆ ಇಂಜೆಕ್ಟರ್‌ಗಳಿಂದ ಹಿಂದಿರುಗುವ ಡೀಸೆಲ್ಲನ್ನು ನಾಲ್ಕು ಸೀಸೆಗಳಲ್ಲಿ ಹಿಡಿದು ಹೋಲಿಸಿ, ಹೆಚ್ಚು ತುಂಬಿದ್ದನ್ನು ಶಂಕಿಸಿ. ಹೊಸ ಇಂಜೆಕ್ಟರ್ ಹಾಕಿದರೆ ಅದರ ಕೋಡನ್ನು ಇಸಿಯುಗೆ ಊಡಿಸಬೇಕಾಗುತ್ತದೆ. ಎಂಜಿನ್ ಓಡುತ್ತಿರುವಾಗ ಸೋರಿಕೆ ಹುಡುಕಲು ಕಾಮನ್ ರೈಲಿನ ಪೈಪುಗಳ ಮೇಲೆ ಕೈಯಾಡಿಸಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಹಾಗಾದರೆ ನೋವು ಇಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಡೀಸೆಲ್ ಫಿಲ್ಟರಿನ ತಳದ ನೀರನ್ನು ಪ್ರತಿ ಸರ್ವಿಸಿನಲ್ಲೂ ಇಳಿಸಬೇಕು. ಚಳಿಯಲ್ಲಿ ಬಿಳಿ ಹೊಗೆಯೊಂದಿಗೆ ತಡವಾಗಿ ಹತ್ತಿಕೊಂಡರೆ ಸಿಲಿಂಡರನ್ನು ಮೊದಲೇ ಬಿಸಿ ಮಾಡುವ ಗ್ಲೋ ಪ್ಲಗ್‌ಗಳನ್ನು ನೋಡಿ. ಅವನ್ನು ಬಿಚ್ಚುವುದು ಎಂಜಿನ್ ಬಿಸಿಯಿರುವಾಗ, ನಿಧಾನವಾಗಿ, ಇಲ್ಲವಾದರೆ ಹೆಡ್ಡಿನಲ್ಲೇ ಮುರಿಯುತ್ತವೆ.

ಕೂಲಂಟ್ ಹರಿವನ್ನು ತಾಪಕ್ಕೆ ತಕ್ಕಂತೆ ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆರೆದೇ ಕೂತುಬಿಡುವ ತೊಂದರೆ ಮೇಲ್ನೋಟಕ್ಕೆ ನಿರುಪದ್ರವಿ, ಏಕೆಂದರೆ ಕಾರು ಬಿಸಿಯೇರುವುದಿಲ್ಲ. ಆದರೆ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ಇಪ್ಪತ್ತು ನಿಮಿಷ ಹೆದ್ದಾರಿಯಲ್ಲಿ ಓಡಿಸಿದ ಮೇಲೂ ಕೂಲಂಟ್ ತಾಪ 80 ಡಿಗ್ರಿ ಸೆಲ್ಸಿಯಸ್ ತಲುಪದೆ ಎಪ್ಪತ್ತರ ಆಚೀಚೆ ತೂಗಾಡುತ್ತಿದ್ದರೆ ಮೈಲೇಜ್ ಕುಸಿಯುತ್ತದೆ, ಡಿಪಿಎಫ್‌ನ ಮಸಿ ಸುಡುವ ಕ್ರಿಯೆ ಸರಿಯಾಗಿ ನಡೆಯುವುದಿಲ್ಲ, ಮೊದಲು ಹೇಳಿದಂತೆ ಡೀಸೆಲ್ ಸಂಪ್ ಸೇರತೊಡಗುತ್ತದೆ. ಆದ್ದರಿಂದ ಡಿಪಿಎಫ್ ದೀಪ ಮತ್ತೆಮತ್ತೆ ಹೊತ್ತಿಕೊಳ್ಳುವ ಕಾರಿನಲ್ಲಿ ಫಿಲ್ಟರನ್ನು ತೊಳೆಯಿಸುವುದಕ್ಕೆ ಮುಂಚೆ ಈ ತಾಪವನ್ನು ಅಳೆಯಬೇಕು.