ಮೂರು ಮನೆಯ ಕಮಲ

ಎಡದಿಂದ ಬಲಕ್ಕೆ, ಏಳನೆಯದು. ಸುಳಿವು: ಕಮಲ. ಮನೆ ಮೂರು. ನಡುವಿನ ಮನೆಯಲ್ಲಿ 'ರಿ' ಆಗಲೇ ಬಂದು ಕೂತಿತ್ತು.

ಮುಂಬಯಿಯ ಸಂಜೆಯ ಫಾಸ್ಟ್ ಲೋಕಲ್ ರೈಲು. ರೈಲು ಹೊರಡುವ ಸಿಎಸ್‌ಟಿಯಲ್ಲೇ ಹತ್ತುವುದರಿಂದ ನನಗೆ ಸೀಟು ಸಿಗುತ್ತಿತ್ತು. ಬೆಳಿಗ್ಗೆ ಡೊಂಬಿವಲಿಯಿಂದ ಹೋಗುವಾಗ ಪೇಪರ್ ಬಿಡಿಸುವುದಿರಲಿ, ಕೈ ಮೇಲೆತ್ತಲೂ ಜಾಗ ಇರುವುದಿಲ್ಲ. ಹಾಗಾಗಿ ಪದಬಂಧ ಸಂಜೆಯ ಕೆಲಸ. ಎದುರಿಗಿದ್ದವರು ಬಟಾಣಿ ಸುಲಿಯುತ್ತಿದ್ದರು. ನಾನು ಪೇಪರನ್ನು ಎಂಟು ಮಡಿಕೆ ಮಾಡಿ, ಪೆನ್ಸಿಲ್ ಕಚ್ಚುತ್ತಾ, ಆ 'ರಿ'ಯನ್ನೇ ನೋಡುತ್ತಿದ್ದೆ.

ತಾವರೆ? ಮೂರು ಮನೆ ಸರಿ, ಆದರೆ 'ರಿ' ಇಲ್ಲ. ಪದ್ಮಕ್ಕೆ ಎರಡೇ ಮನೆ. ನಳಿನ, ರಾಜೀವ ಕೂರುವುದಿಲ್ಲ. ಅರವಿಂದ ಉದ್ದವಾಯ್ತು. ದಾದರ್, ಕುರ್ಲಾ, ಘಾಟ್ಕೋಪರ್ ಎಲ್ಲ ಕಳೆಯಿತು. ಠಾಣೆ ದಾಟಿದ ಮೇಲೆ ಫೋನ್ ಬಂತು. ಎತ್ತಿ 'ಹಲೋ' ಅನ್ನುವಷ್ಟರಲ್ಲಿ ರೈಲು ಪಾರಸಿಕ್ ಸುರಂಗದೊಳಗೆ ನುಗ್ಗಿತು. ಆಗೆಲ್ಲ ಫಾಸ್ಟ್ ಲೋಕಲ್ ಸುರಂಗದಲ್ಲೇ ಹೋಗುತ್ತಿತ್ತು. ಲೈನ್ ಕಟ್ ಆಯಿತು. ಸ್ಕ್ರೀನಿನ ಮೇಲೆ ಚಿಕ್ಕಮ್ಮನ ಹೆಸರು ಹಾಗೇ ಉಳಿದಿತ್ತು.

ವಾರಿಜ.

ಸುಮ್ನೆ ನಗು ಬಂತು. ಹುಟ್ಟಿದಾಗಿನಿಂದ ಕರೆಯುತ್ತಿರುವ ಹೆಸರು. ಅದಕ್ಕೊಂದು ಅರ್ಥ ಇದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ ನೋಡಿ.

ನನ್ನ ಕನ್ನಡ ಎಂಥದ್ದು ಅಂತ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ತುಳು. ಶಾಲೆ ಮರಾಠಿ. ಕನ್ನಡ ಅಕ್ಷರ ಕಲಿಸಿದ್ದು ಅಮ್ಮ, ರಜೆಯ ಮಧ್ಯಾಹ್ನಗಳಲ್ಲಿ, ಹಳೇ ವಾರಪತ್ರಿಕೆ ಹಿಡಿದು. ನಲವತ್ತು ದಾಟಿದ ಮೇಲೆ ಪದಬಂಧ ಶುರು ಮಾಡಿದಾಗ ಅರ್ಧ ಚೌಕ ಖಾಲಿ ಉಳಿಯುತ್ತಿತ್ತು. ತುಂಬಿದ್ದೂ ಎಷ್ಟೋ ಸಲ ಮರಾಠಿಯೇ. 'ರೂಢಿ, ಮೂರು ಮನೆ' ಅಂದರೆ ನಾನು ಸವಯ ಅಂತ ಬರೆದೆ! ಉತ್ತರ ಅಭ್ಯಾಸ. ಮರಾಠಿಯಲ್ಲಿ ಅಭ್ಯಾಸ ಅಂದರೆ ಓದು, ಪಾಠ. ಹಾಗಾಗಿ ಆ ಪದ ನನ್ನ ತಲೆಯ ಬೇರೆ ಕಪಾಟಿನಲ್ಲಿ ಕೂತಿತ್ತು.

ತುಳು ಮಾತ್ರ ಹಳಗನ್ನಡಕ್ಕೆ ತುಂಬಾ ಸಹಾಯ ಮಾಡಿತು. ಹೂವಿಗೆ ಪೂ, ಹೊಸತಕ್ಕೆ ಪೊಸ, ಹಕ್ಕಿಗೆ ಪಕ್ಕಿ. ಇವು ನಮ್ಮ ಅಡಿಗೆಮನೆಯ ಮಾತುಗಳೇ ಅಲ್ವಾ? ಆ ಧೈರ್ಯದಲ್ಲೇ 'ಹುಲಿ, ಹಳಗನ್ನಡದಲ್ಲಿ' ಅಂದಾಗ ಪಿಲಿ ಬರೆದು ಜಂಬ ಪಟ್ಟೆ. ಮರುದಿನ ನೋಡಿದರೆ ಪುಲಿ. ನಮ್ಮಲ್ಲಿ ಪುಳಿ ಅಂದರೆ ಸಾರಿಗೆ ಹಾಕುವ ಹುಣಸೆ!

ಮೊದಮೊದಲು ಎಲ್ಲರಂತೆ ನಾನೂ ಒಂದು ಡೈರಿ ಇಟ್ಟೆ. ಸೂರ್ಯನಿಗೆ ಒಂದು ಪುಟ: ರವಿ, ಭಾನು, ಇನ, ಅರ್ಕ, ಮಿತ್ರ, ತರಣಿ, ನೇಸರು. ಚಂದ್ರನಿಗೆ ಒಂದು, ಹಾವಿಗೆ ಒಂದು. ಬಾಯಿಪಾಠ ಮಾಡಿದೆ. ಒಂದು ತಿಂಗಳಿಗೆ ತರಣಿ, ತರುಣಿ, ಧರಣಿ ಮೂರೂ ಕಲಸಿಹೋದವು. ಪಟ್ಟಿ ಬಾಯಿಪಾಠ ಮಾಡುವುದು ದಂಡ ಅಂತ ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ಪದಗಳು ಸಾಲಾಗಿ ನಿಂತಿರುತ್ತವೆ, ಒಂದಕ್ಕೊಂದು ಸಂಬಂಧ ಇರುವುದಿಲ್ಲ.

ಸಂಬಂಧ ತೋರಿಸಿಕೊಟ್ಟಿದ್ದು ವಾರಿಜ ಚಿಕ್ಕಮ್ಮ. ಆ ರಾತ್ರಿ ಮನೆಗೆ ಬಂದು ನಮ್ಮ ಕಡೆಯ ಹೆಂಗಸರ ಹೆಸರು ಬರೆದೆ. ಜಲಜ, ವಾರಿಜ, ಅಂಬುಜ, ವನಜ, ಪಂಕಜ, ಸರೋಜ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಆ ತಲೆಮಾರಿನ ಮನೆಗಳಲ್ಲಿ ಇದೇನೂ ವಿಶೇಷ ಅಲ್ಲ, ಒಂದು ಮದುವೆಗೆ ಹೋದರೆ ಕೆರೆ ತುಂಬ ತಾವರೆ. ಎಲ್ಲರ ಕೊನೆಗೂ 'ಜ'. ಜ ಅಂದರೆ ಹುಟ್ಟಿದ್ದು. ಮುಂದಿರುವುದು ನೀರು: ಜಲ, ವಾರಿ, ಅಂಬು. ಪಂಕಜಕ್ಕೆ ಕೆಸರು, ಸರೋಜಕ್ಕೆ ಕೊಳ, ಅಷ್ಟೇ ವ್ಯತ್ಯಾಸ. ಹಾಗಾದರೆ ನೀರಿನ ಹೆಸರುಗಳು ಗೊತ್ತಿದ್ದರೆ ತಾವರೆಯ ಹೆಸರುಗಳನ್ನು ಬೇರೆಯಾಗಿ ಕಲಿಯಬೇಕಾಗಿಯೇ ಇಲ್ಲ!

ಹಾಗಾಗಿ ಡೈರಿಯ ಪುಟಗಳನ್ನೆಲ್ಲ ಬಿಟ್ಟು ನೀರಿನ ಹಿಂದೆ ಬಿದ್ದೆ. ಬಾಲ ಬದಲಾಯಿಸಿದರೆ ಅರ್ಥವೇ ಬದಲಾಗುತ್ತದೆ. 'ದ' ಹಚ್ಚಿದರೆ ಮೋಡ: ಜಲದ, ವಾರಿದ, ಅಂಬುದ, ನೀರದ, ತೋಯದ, ಪಯೋದ. 'ಧಿ' ಹಚ್ಚಿದರೆ ಕಡಲು: ಜಲಧಿ, ವಾರಿಧಿ, ಅಂಬುಧಿ, ತೋಯಧಿ, ಪಯೋಧಿ, ಉದಧಿ. ಎಣಿಸಿ ನೋಡಿ, ಎಲ್ಲವೂ ಮೂರೇ ಮನೆ. ಮನೆ ಎಣಿಸಿ ಉತ್ತರ ಹುಡುಕುವವರಿಗೆ ಇದು ಕಿರಿಕಿರಿ. ನನಗೆ ಮಾತ್ರ ಇದರಿಂದಲೇ ದಾರಿ ಸಿಕ್ಕಿತು.

ನಾನು ಮಾಡುವುದು ಹೀಗೆ. ಸುಳಿವು ಕಮಲ ಅಂತಿದ್ದರೆ ಮೊದಲು ಕೊನೆಯ ಮನೆಯಲ್ಲಿ ತೆಳ್ಳಗೆ 'ಜ' ಬರೆಯುತ್ತೇನೆ. ಮೋಡ ಅಂದರೆ 'ದ', ಸಮುದ್ರ ಅಂದರೆ 'ಧಿ'. ಆಮೇಲೆ ಆ ಪದವನ್ನು ಅಲ್ಲೇ ಬಿಟ್ಟು, ನಡುವಿನ ಮನೆಯನ್ನು ಹಾದು ಮೇಲಿನಿಂದ ಕೆಳಕ್ಕೆ ಇಳಿಯುವ ಪದ ಬಿಡಿಸುತ್ತೇನೆ. ಅಲ್ಲಿ 'ರಿ' ಬಂದರೆ ವಾರಿಜ. 'ಬು' ಬಂದರೆ ಅಂಬುಜ. 'ಲ' ಜಲಜ, 'ರ' ನೀರಜ, 'ಯ' ತೋಯಜ, 'ನ' ವನಜ, 'ಕ' ಪಂಕಜ, 'ರೋ' ಸರೋಜ. ಒಂದು ಇದ್ದಂತೆ ಇನ್ನೊಂದಿಲ್ಲ. ಮೊದಲ ಮನೆ ತಾನಾಗಿಯೇ ತುಂಬಿಕೊಳ್ಳುತ್ತದೆ.

ಇಂಗ್ಲಿಷ್ ಕ್ರಾಸ್‌ವರ್ಡ್‌ನಲ್ಲಿ ಇಷ್ಟು ಸುಲಭ ಇಲ್ಲ. ಆಫೀಸಿನಲ್ಲಿ ಅದನ್ನು ಬಿಡಿಸುವವರನ್ನು ನೋಡಿದ್ದೇನೆ. ಅಲ್ಲಿ ಒಂದು ಮನೆಗೆ ಒಂದೇ ಅಕ್ಷರ, ಸ್ವರಕ್ಕೆ ಬೇರೆ ಮನೆ. ನಮ್ಮಲ್ಲಿ ವ್ಯಂಜನ, ಸ್ವರ, ಒತ್ತು ಎಲ್ಲ ಒಂದೇ ಮನೆಯಲ್ಲಿ. ಹಾಗಾಗಿ ಎರಡು ಪದ ಅಡ್ಡ ಹಾಯುವ ಒಂದು ಮನೆ ಸಿಕ್ಕರೂ ಸಿಗುವ ಮಾಹಿತಿ ಜಾಸ್ತಿ. 'ರ', 'ರಿ', 'ರೋ' ಮೂರಕ್ಕೂ ಮೂರು ಬೇರೆ ಹೂವು. ಆದರೆ ಗುಡಿಸು, ದೀರ್ಘ ಸರಿಯಾಗಿ ಬರೆಯದಿದ್ದರೆ ಎರಡು ಪದ ಒಟ್ಟಿಗೆ ಕೆಡುತ್ತವೆ. ಅದಕ್ಕೇ ಪೆನ್ಸಿಲ್.

ದ ಮತ್ತು ಧಿ ಮಾತ್ರ ನನ್ನನ್ನು ತುಂಬಾ ದಿನ ಕಾಡಿದವು. ಮಾತಾಡುವಾಗ ನಾವು ಮಹಾಪ್ರಾಣಕ್ಕೆ ಅಷ್ಟು ಉಸಿರು ಖರ್ಚು ಮಾಡುವುದಿಲ್ಲವಲ್ಲ. ಜಲದಿ ಅಂತಲೇ ಬರೆಯುತ್ತಿದ್ದೆ. ಇದು ಬಗೆಹರಿದದ್ದು ಒಂದು ಜುಲೈ ಸಂಜೆ. ಸಾಯನ್ ಮತ್ತು ಕುರ್ಲಾ ನಡುವೆ ಹಳಿ ಮೇಲೆ ನೀರು ನಿಂತು ರೈಲು ನಿಂತೇಬಿಟ್ಟಿತು. ಎರಡು ಗಂಟೆ. ಪದಬಂಧ ಮುಗಿಯಿತು, ಎದುರಿನವರ ಚಕ್ಕುಲಿಯೂ ಮುಗಿಯಿತು. ಯಾರೋ ಹೇಳಿದರು, ಸಮುದ್ರದಲ್ಲಿ ಭರತ ಇದೆಯಂತೆ, ಹೊರಗೆ ನೀರು ಹರಿಯುವುದಿಲ್ಲ ಅಂತ. ಮೇಲಿನಿಂದ ಮೋಡ ಕೊಡುತ್ತಲೇ ಇದೆ. ಕೆಳಗೆ ಕಡಲು ತನ್ನ ನೀರನ್ನು ಹಿಡಿದುಕೊಂಡು ಕೂತಿದೆ, ಹೊಸದಕ್ಕೆ ಜಾಗ ಇಲ್ಲ. ಜಲದ ಅಂದರೆ ನೀರು ಕೊಡುವುದು. ದಾನ ಅನ್ನುವಾಗ ಬರುವ ದ ಅದೇ. ಜಲಧಿ ಅಂದರೆ ನೀರನ್ನು ಹಿಡಿದಿಟ್ಟುಕೊಂಡದ್ದು. ನಿಧಿಯಲ್ಲಿರುವ ಧಿ ಅದೇ. ಆ ದಿನದಿಂದ ತಪ್ಪಿಲ್ಲ.

ನನ್ನದು ತಪ್ಪಿಲ್ಲ ಅಂದೆ, ಪತ್ರಿಕೆಯವರದಲ್ಲ. ಒಮ್ಮೆ 'ಮೋಡ, ಮೂರು ಮನೆ' ಅಂತ ಕೊಟ್ಟು ಮರುದಿನ ಉತ್ತರದಲ್ಲಿ ಜಲಧಿ ಹಾಕಿದ್ದರು. ಫೋನ್ ಮಾಡಿದೆ. 'ಹೌದಾ?' ಅಂದರು, ಅಷ್ಟೇ. ನಾನು ಅದನ್ನು ಹತ್ತು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ನೀರಾದ ಮೇಲೆ ಭೂಮಿ ಹಿಡಿದೆ. ಭೂ, ಮಹಿ, ಅವನಿ, ಧರಣಿ. ಇದಕ್ಕೆ 'ಪ' ಹಚ್ಚಿದರೆ ಕಾಪಾಡುವವನು, ಅಂದರೆ ರಾಜ: ಭೂಪ, ಮಹೀಪ, ಅವನಿಪ. 'ರುಹ' ಹಚ್ಚಿದರೆ ಮರ, 'ಧರ' ಹಚ್ಚಿದರೆ ಬೆಟ್ಟ, 'ಜೆ' ಹಚ್ಚಿದರೆ ಸೀತೆ. ಆದರೆ ಒಂದೇ ಬಾಲಕ್ಕೆ ಎರಡು ಅರ್ಥ ಇರುವುದೂ ಉಂಟು. ಮಧುಪದ 'ಪ' ಕಾಪಾಡುವುದಲ್ಲ, ಕುಡಿಯುವುದು. ದುಂಬಿ ಜೇನು ಕಾಯುತ್ತದೆಯೇ? ಕಾಲಿನಿಂದ ಕುಡಿಯುವ ಮರ ಪಾದಪ. ಸೊಂಡಿಲಿನಿಂದ ಒಮ್ಮೆ, ಬಾಯಿಂದ ಒಮ್ಮೆ ಕುಡಿಯುವ ಆನೆ ದ್ವಿಪ. ಇಂಥವು ಸಿಕ್ಕಿದ ದಿನ ಊಟ ರುಚಿ. 'ದ್ವಿಪ' ನೋಡಿದ ಮೇಲೆ ದ್ವಿಜಕ್ಕೆ ಹಲ್ಲು, ಹಕ್ಕಿ ಅಂತ ಯಾಕೆ ಅರ್ಥ ಅಂತ ತಾನೇ ಹೊಳೆಯಿತು. ಎರಡು ಸಲ ಹುಟ್ಟುತ್ತವಲ್ಲ!

ಸಂಸ್ಕೃತದ ಹಳೇ ಪದಕೋಶ ಅಮರಕೋಶ ಕೈಗೆ ಬಂದದ್ದು ಇದೆಲ್ಲ ಆದ ಮೇಲೆ. ಮಾಟುಂಗಾದಲ್ಲಿ ಒಬ್ಬರ ಮನೆಯಿಂದ ಕನ್ನಡ ಅರ್ಥ ಇರುವ ಪ್ರತಿ ಎರವಲು ತಂದೆ. ಮೊದಲನೇ ಕಾಂಡದ ವಾರಿವರ್ಗದಲ್ಲಿ ನೀರಿಗೆ 27 ಹೆಸರು. ಬೆರಳಲ್ಲಿ ಎಣಿಸಿದೆ. ಸಲಿಲ, ಉದಕ, ಪಾನೀಯ ಗೊತ್ತಿದ್ದವು. ಜೀವನ, ಅಮೃತ, ಭುವನ ಕೂಡ ನೀರೇ ಅಂತೆ. ಕಮಲ ಅನ್ನುವುದೂ ನೀರಿನ ಹೆಸರೇ! ಕ್ಷೀರವೂ ಆ ಪಟ್ಟಿಯಲ್ಲಿದೆ. ನಮ್ಮ ವಠಾರಕ್ಕೆ ಹಾಲು ತರುತ್ತಿದ್ದವನು ಇದನ್ನು ಓದಿಕೊಂಡೇ ಬಂದಿದ್ದ ಅನಿಸುತ್ತದೆ.

ಪದಬಂಧಕ್ಕೆ ಈ 27ರಲ್ಲಿ ನಿಜವಾಗಿ ಬೇಕಾಗುವುದು ಹತ್ತು, ಹನ್ನೆರಡು. ಉಳಿದದ್ದು ಎಲ್ಲೋ ಒಮ್ಮೆ ಬಂದು ಕಣ್ಣು ಕತ್ತಲೆ ತರುತ್ತದೆ. ಕಳೆದ ವಾರ ಹಾಗೇ ಆಯಿತು. 'ನೀರು, ಐದು ಮನೆ.' ಕೊನೆಗೆ 'ಖ'. ಐದು ಮನೆಯ ನೀರು ಯಾವುದಪ್ಪಾ? ನಿವೃತ್ತಿಯಾಗಿದೆ, ರೈಲಿಲ್ಲ, ಮನೆಯ ಬಾಲ್ಕನಿಯಲ್ಲಿ ಕೂತು ಎರಡು ಚಹಾ ಮುಗಿಸಿದೆ. ಮೂರನೇ ಮನೆಯಲ್ಲಿ 'ತೋ' ಬಂದಾಗ ಸಿಕ್ಕಿತು: ಸರ್ವತೋಮುಖ. ಎಲ್ಲ ಕಡೆಗೂ ಮುಖ ಇರುವುದು, ಅಂದರೆ ಎತ್ತ ಬೇಕಾದರೂ ಹರಿಯುವುದು. ಇಂಥ ಸುಳಿವು ಕೊಡುವವರಿಗೆ ಸ್ವಲ್ಪ ಕೊಬ್ಬು ಅಂತಲೇ ನನ್ನ ಅನಿಸಿಕೆ. ಆದರೂ ಖುಷಿಯಾಯಿತು.

ಆ ಖುಷಿಯಲ್ಲೇ ಭಾಂಡೂಪ್‌ನ ವನಜ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಎಂಬತ್ತೊಂದು. ತನ್ನ ಹೆಸರೊಂದೇ ಕಾಡಿನದ್ದು, ಅಕ್ಕಂದಿರದೆಲ್ಲ ತಾವರೆ ಅಂತ ಅವರಿಗೆ ಮೊದಲಿನಿಂದಲೂ ಸಣ್ಣ ಬೇಜಾರು.

'ಚಿಕ್ಕಮ್ಮ, ವನ ಅಂದರೆ ನೀರು ಅಂತಲೂ ಇದೆ. ಅಮರಕೋಶದಲ್ಲೇ ಇದೆ. ನೀವೂ ತಾವರೆಯೇ.'

ಆ ಕಡೆ ಒಂದು ಗಳಿಗೆ ಮಾತಿಲ್ಲ. ಹಿಂದೆ ಬಕೆಟಿಗೆ ನೀರು ಬೀಳುವ ಸದ್ದು.

'ಆಯ್ತು ಮಗಾ, ಆಮೇಲೆ ಮಾತಾಡುವ' ಅಂದರು. 'ನಲ್ಲಿ ನಿಲ್ಲುವ ಹೊತ್ತಾಯ್ತು, ಇನ್ನೂ ಎರಡು ಡ್ರಮ್ ತುಂಬಿಲ್ಲ.'