ಬಲ ಮತ್ತು ಚಲನೆ: ಸೂತ್ರಕ್ಕಿಂತ ಮೊದಲು ಗೋಲಿ ಉರುಳಲಿ

ಆರು, ಏಳನೇ ತರಗತಿಯವರಿಗೆ ಬಲ, ಚಲನೆ ಕಲಿಸುವಾಗ ಬೋರ್ಡಿನ ಮೇಲೆ ವ್ಯಾಖ್ಯೆ ಬರೆದು ಶುರು ಮಾಡಬೇಡಿ. ಈ ವಿಷಯದ ಬಗ್ಗೆ ಮಕ್ಕಳಿಗೆ ಆಗಲೇ ಒಂದು ಅಭಿಪ್ರಾಯ ಇರುತ್ತದೆ. ತಳ್ಳಿದರೆ ವಸ್ತು ಚಲಿಸುತ್ತದೆ, ತಳ್ಳುವುದು ಬಿಟ್ಟರೆ ನಿಲ್ಲುತ್ತದೆ. ದಿನವೂ ಕಣ್ಣಾರೆ ಕಾಣುವುದು ಅದನ್ನೇ ಅಲ್ವಾ? ಚಲಿಸುತ್ತಲೇ ಇರಲು ಬಲ ಬೇಕು ಎಂದು ಅರಿಸ್ಟಾಟಲ್ ಕೂಡ ನಂಬಿದ್ದ. ಈ ನಂಬಿಕೆಯನ್ನು ಮುಟ್ಟದೆ ನಿಯಮ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯಲ್ಲಿ ನಿಯಮ ಬರೆಯುತ್ತಾರೆ, ಮನಸ್ಸಿನಲ್ಲಿ ಹಳೆಯದೇ ಉಳಿಯುತ್ತದೆ.

ಬೇಕಾದ ಸಾಮಾನು ಕಮ್ಮಿ: ಗೋಲಿ, ಉದ್ದನೆಯ ದಪ್ಪ ರಟ್ಟು, ಕೆಲವು ಪುಸ್ತಕ, ಟವೆಲ್, ಅಳತೆ ಟೇಪು, ಲೋಟ, ನಾಣ್ಯ, ಆಟಿಕೆ ಕಾರು, ರಬ್ಬರ್ ಬ್ಯಾಂಡ್, ಬಲೂನು.

ಹಂತ 1: ಚಲನೆಯನ್ನು ಅಳೆಯಿರಿ

ನೆಲದ ಮೇಲೆ 10 ಮೀಟರ್ ಗುರುತು ಹಾಕಿ. ಒಬ್ಬರು ನಡೆಯಲಿ, ಇನ್ನೊಬ್ಬರು ಸಮಯ ನೋಡಲಿ. ದೂರವನ್ನು ಸಮಯದಿಂದ ಭಾಗಿಸಿದರೆ ಸರಾಸರಿ ಜವ. ಇಷ್ಟು ಸಾಕು, ಮುಂದೆ ಹೋಗಿ.

ಹಂತ 2: ಬಲ ಏನೇನು ಮಾಡುತ್ತದೆ?

ತಳ್ಳುವುದು, ಎಳೆಯುವುದು ಎರಡೂ ಬಲವೇ. ಬಲ ವಸ್ತುವನ್ನು ಹೊರಡಿಸುತ್ತದೆ, ನಿಲ್ಲಿಸುತ್ತದೆ, ಜವ ಹೆಚ್ಚು ಕಮ್ಮಿ ಮಾಡುತ್ತದೆ, ಆಕಾರ ಬದಲಿಸುತ್ತದೆ. ಇವನ್ನು ಮಕ್ಕಳೇ ಹೇಳುತ್ತಾರೆ. ಅವರು ಮರೆಯುವುದು ದಿಕ್ಕನ್ನು. ನೇರವಾಗಿ ಉರುಳುತ್ತಿರುವ ಹಗುರ ಚೆಂಡಿಗೆ ಪಕ್ಕದಿಂದ ಊದಿಸಿ, ದಾರಿ ಬಾಗುವುದನ್ನು ತೋರಿಸಿ.

ಹಂತ 3: ಗೋಲಿ ಯಾಕೆ ನಿಂತಿತು?

ಇಡೀ ಪಾಠದ ಜೀವ ಇಲ್ಲಿದೆ. ಅವಸರ ಮಾಡಬೇಡಿ, ಒಂದು ಪೂರ್ತಿ ಪೀರಿಯಡ್ ಕೊಡಿ.

ರಟ್ಟನ್ನು ಉದ್ದುದ್ದ ಮಡಚಿ, ಒಂದು ತುದಿಯನ್ನು ಪುಸ್ತಕಗಳ ಮೇಲಿಟ್ಟು ಇಳಿಜಾರು ಮಾಡಿ. ಕೆಳಗೆ ಮೊದಲು ಟವೆಲ್ ಹಾಸಿ, ಆಮೇಲೆ ನುಣುಪಾದ ನೆಲ. ಪ್ರತಿ ಸಲ ಗೋಲಿಯನ್ನು ಅದೇ ಎತ್ತರದಿಂದ ಸುಮ್ನೆ ಬಿಡಬೇಕು, ತಳ್ಳುವಂತಿಲ್ಲ. ಎಷ್ಟು ದೂರ ಹೋಗುತ್ತದೆ ಎಂದು ಬಿಡುವ ಮೊದಲೇ ಎಲ್ಲರೂ ಬರೆದಿಡಲಿ. ಊಹೆ ಬರೆಯದ ಮಗು ಪ್ರಯೋಗವನ್ನು ನೋಡುತ್ತದೆ, ಯೋಚಿಸುವುದಿಲ್ಲ. ಎರಡೂ ಕಡೆ ಮೂರು ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಈಗ ಕೇಳಿ: ಗೋಲಿ ಯಾಕೆ ನಿಂತಿತು? "ಬಲ ಖಾಲಿಯಾಯ್ತು" ಎಂಬ ಉತ್ತರ ಬಂದೇ ಬರುತ್ತದೆ. ತಪ್ಪು ಎನ್ನಬೇಡಿ. ಅದೇ ಗೋಲಿ, ಅದೇ ಎತ್ತರ, ಹಾಗಿದ್ದರೆ ಟವೆಲ್ ಮೇಲೆ ಯಾಕೆ ಬೇಗ ಖಾಲಿಯಾಯ್ತು ಎಂದು ತಿರುಗಿ ಕೇಳಿ. ಯಾವುದೋ ಒಂದು ಗೋಲಿಯನ್ನು ತಡೆಯುತ್ತಿದೆ ಎಂಬ ಮಾತು ಅವರ ಬಾಯಿಂದಲೇ ಬರಲಿ. ಆಗ ಘರ್ಷಣೆ ಎಂಬ ಹೆಸರು ಕೊಡಿ. ನೆಲ ಇನ್ನೂ ನುಣುಪಾದರೆ? ಘರ್ಷಣೆಯೇ ಇಲ್ಲದಿದ್ದರೆ?

17ನೇ ಶತಮಾನದಲ್ಲಿ ಗೆಲಿಲಿಯೊ ನಡೆದದ್ದೂ ಇದೇ ದಾರಿ. ಒಂದು ಇಳಿಜಾರಿನಲ್ಲಿ ಇಳಿದ ಗುಂಡು ಎದುರಿನ ಇಳಿಜಾರಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ಎತ್ತರ ಏರುತ್ತದೆ. ಎದುರಿನದನ್ನು ತಗ್ಗಿಸುತ್ತಾ ಹೋದರೆ ಆ ಎತ್ತರ ಮುಟ್ಟಲು ಗುಂಡು ಜಾಸ್ತಿ ದೂರ ಹೋಗಬೇಕು. ಪೂರ್ತಿ ಮಟ್ಟಸ ಮಾಡಿದರೆ? ತಡೆಯುವುದೇನೂ ಇಲ್ಲದಿದ್ದರೆ ನಿಲ್ಲುವ ಕಾರಣವೇ ಇಲ್ಲ. 1687ರಲ್ಲಿ ನ್ಯೂಟನ್ ಇದನ್ನು ತನ್ನ ಮೊದಲ ನಿಯಮವಾಗಿಸಿದ. 1977ರಲ್ಲಿ ಹಾರಿದ ವಾಯೇಜರ್ 1 ಬಾಹ್ಯಾಕಾಶ ನೌಕೆಯನ್ನು ಈಗ ಯಾವ ಎಂಜಿನ್ನೂ ಮುಂದೆ ತಳ್ಳುತ್ತಿಲ್ಲ. ಆದರೂ ಅದು ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಜವದಲ್ಲಿ ದೂರ ಸಾಗುತ್ತಿದೆ. ಇದನ್ನು ಹೇಳಿದಾಗ ತರಗತಿ ಒಂದು ಕ್ಷಣ ಬೆರಗಾಗುತ್ತದೆ. ಆ ಬೆರಗು ಬಲು ಮುಖ್ಯ.

ಹಂತ 4: ಜಡತ್ವ (ವಸ್ತು ತಾನಿದ್ದ ಸ್ಥಿತಿಯಲ್ಲೇ ಉಳಿಯುವ ಗುಣ)

ಲೋಟದ ಮೇಲೆ ರಟ್ಟಿನ ತುಂಡು, ಅದರ ಮೇಲೆ ನಾಣ್ಯ. ರಟ್ಟಿಗೆ ಬೆರಳಿನಿಂದ ಚಟ್ಟನೆ ಹೊಡೆದರೆ ನಾಣ್ಯ ಲೋಟದೊಳಗೆ ಬೀಳುತ್ತದೆ. ನಿಧಾನವಾಗಿ ಎಳೆದರೆ ರಟ್ಟಿನ ಜೊತೆಗೇ ಬರುತ್ತದೆ. ಎರಡನ್ನೂ ಮಾಡಿಸಿ, ಯಾಕೆ ಹೀಗೆ ಎಂದು ಅವರೇ ವಾದಿಸಲಿ.

ಹಂತ 5: ಭಾರ ಹೆಚ್ಚಾದರೆ?

ರಬ್ಬರ್ ಬ್ಯಾಂಡನ್ನು ಪ್ರತಿ ಸಲ ಅಷ್ಟೇ ಎಳೆದು ಆಟಿಕೆ ಕಾರನ್ನು ಚಿಮ್ಮಿಸಿ. ಮೊದಲು ಖಾಲಿ ಕಾರು, ಆಮೇಲೆ ಭಾರ ಹೇರಿದ ಕಾರು. ಭಾರದ್ದು ನಿಧಾನ ಹೊರಡುತ್ತದೆ. ಸೂತ್ರ ಮುಂದಿನ ತರಗತಿಗೆ ಇರಲಿ. ಬಲದ ಮಾನ ನ್ಯೂಟನ್ ಎಂದು ಹೇಳಿ, 100 ಗ್ರಾಂ ವಸ್ತುವನ್ನು ಅಂಗೈ ಮೇಲಿಡಿ. ಅದು ಕೈಯನ್ನು ಒತ್ತುವ ಬಲ ಸುಮಾರು 1 ನ್ಯೂಟನ್.

ಹಂತ 6: ಜೋಡಿ ಬಲ

ಊದಿದ ಬಲೂನನ್ನು ಬಾಯಿ ಕಟ್ಟದೆ ಬಿಡಿ. ಬಲೂನು ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಗಾಳಿ ಬಲೂನನ್ನು ಮುಂದಕ್ಕೆ. ಎರಡೂ ಸಮವಾದರೆ ರದ್ದಾಗಬೇಕಲ್ವಾ ಎಂದು ಚುರುಕಿನ ಮಗು ಕೇಳಬಹುದು. ಒಳ್ಳೆಯ ಪ್ರಶ್ನೆ. ಒಂದು ಬಲ ಗಾಳಿಯ ಮೇಲೆ, ಇನ್ನೊಂದು ಬಲೂನಿನ ಮೇಲೆ. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳು ಒಂದನ್ನೊಂದು ರದ್ದು ಮಾಡುವುದಿಲ್ಲ.

ಅರ್ಥವಾಯಿತೇ ಎಂದು ತಿಳಿಯಲು

ಚೆಂಡನ್ನು ಮೇಲಕ್ಕೆ ಎಸೆದಿದ್ದೇವೆ. ಕೈಬಿಟ್ಟು ಇನ್ನೂ ಏರುತ್ತಿದೆ. ಆಗ ಅದರ ಮೇಲಿರುವ ಬಲಗಳನ್ನು ಬಾಣ ಹಾಕಿ ತೋರಿಸಲು ಹೇಳಿ. ಗಾಳಿಯ ತಡೆಯನ್ನು ಬಿಟ್ಟರೆ ಒಂದೇ ಬಾಣ ಇರಬೇಕು, ಕೆಳಮುಖವಾಗಿ. ಅದು ಗುರುತ್ವ. ಮೇಲ್ಮುಖ ಬಾಣ ಹಾಕಿದವರು ಬಲ ಇದ್ದರೆ ಮಾತ್ರ ಚಲನೆ ಎಂದು ಇನ್ನೂ ನಂಬಿದ್ದಾರೆ. ಅಂಥವರಿಗೆ ಅಂಕ ಕಳೆಯಬೇಡಿ. ಈಗ ಆ ಚೆಂಡನ್ನು ಮೇಲಕ್ಕೆ ತಳ್ಳುತ್ತಿರುವುದು ಯಾವ ವಸ್ತು ಎಂದು ಕೇಳಿ, ಅವರು ಹುಡುಕುವವರೆಗೂ ಕಾಯಿರಿ.